ಚೆನ್ನಿಯ ಹೊಲಿಗೆ ಬಿಚ್ಚುವ ದಿನ

ಮದುವೆ ನಿಶ್ಚಯವಾದ ಹುಡುಗಿ ಗಂಡನಾಗುವವನಿಗೆ ತಾನಾಗಿ ಮೊದಲ ಸಲ ಫೋನ್ ಮಾಡಿದರೆ, ಊಟ ಆಯ್ತೇ ಎಂದು ಕೇಳುವುದು ವಾಡಿಕೆ. ಮಸ್ಕಿಯ ಟೇಲರ್ ಮೌನೇಶ್ವರಿಗೆ ಆ ವಾಡಿಕೆಯ ಹಂಗಿರಲಿಲ್ಲ.

"ನಾಳೆ ನಿಮ್ಮ ಗಾಡಿ ಖಾಲಿ ಇರತೈತೇನ್ರಿ?" ಎಂದಳು. "ಸಿಂಧನೂರಿಗೆ ಹೋಗಬೇಕು. ನಮ್ಮ ಬೆಕ್ಕಿಗೆ ಮರಿ ಆಗದಂಗ ಆಪರೇಷನ್ ಮಾಡಿಸಬೇಕು."

ಆ ಕಡೆ ಇದ್ದವನು ಬಸವಲಿಂಗ. ಬಳಗಾನೂರಿನಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ. ಭತ್ತದ ಯಾವ ಹುಳಕ್ಕೆ ಯಾವ ಔಷಧಿ ಎಂದು ಕೇಳಿದರೆ ಪಟಪಟನೆ ಹೇಳುವ ಬಾಯಿ ಅದು, ಈಗ ಬೆಕ್ಕಿನ ಮುಂದೆ ತೊದಲಿತು.

"ಬೆಕ್ಕಿಗೂ ಮಾಡ್ತಾರೇನು?"

"ಮಾಡ್ತಾರ. ರಾತ್ರಿಯಿಂದ ಉಪವಾಸ ಇಡಬೇಕಂತ. ನೀವು ಬರ್ತೀರೋ, ನಾ ಬಸ್ಸಿಗೆ ಹೋಗಲೋ?"

"ಬರ್ತೀನಿ. ನಾನೂ ಉಪವಾಸ ಇರಬೇಕೇನು?"

ಮೌನೇಶ್ವರಿ ಫೋನನ್ನು ಬಾಯಿಂದ ದೂರ ಹಿಡಿದು ನಕ್ಕಳು. ನಗು ಅವನಿಗೆ ಕೇಳಿಸಬಾರದು ಎಂಬುದು ಅವಳ ಇರಾದೆ. ಕೇಳಿಸಿತು.

ಬೆಕ್ಕಿನ ಹೆಸರು ಚೆನ್ನಿ. ಒಂದರ ಹಿಂದೊಂದು ಮರಿ ಹಾಕಿ ಹಾಕಿ ಅದರ ಬೆನ್ನೆಲುಬು ಕೈಗೆ ಸಿಗುತ್ತಿತ್ತು. ಹಿಂದಿನ ಸಲದ ಮರಿಗಳನ್ನು ಗಂಡು ಬೆಕ್ಕೊಂದು ಕೊಂದುಹಾಕಿತ್ತು. ಚೆನ್ನಿ ಓಣಿ ತುಂಬ ಕೂಗುತ್ತ ತಿರುಗಿ, ಕೊನೆಗೆ ಹೊಲಿಗೆ ಮಷೀನಿನ ಕೆಳಗೆ ಬಂದು ಮಲಗಿತು. ಆ ಕೂಗು ಕೇಳಿದ ದಿನವೇ ಮೌನೇಶ್ವರಿ ಮನಸ್ಸು ಮಾಡಿದ್ದಳು. ಯಾರು ಏನೇ ಅನ್ನಲಿ, ಇದು ಇನ್ನು ಸಾಕು.

ಸಿಂಧನೂರಿನ ದವಾಖಾನೆಯಲ್ಲಿ ಅರಿವಳಿಕೆ ಸೂಜಿ ಚುಚ್ಚುವಾಗ ಚೆನ್ನಿಯನ್ನು ಹಿಡಿದುಕೊಂಡವನು ಬಸವಲಿಂಗ. ಚೆನ್ನಿ ಅವನ ಮುಂಗೈ ಪರಚಿತು. ಅವನು ಮುಖ ಕಿವುಚಿದ, ಕೈ ಮಾತ್ರ ಬಿಡಲಿಲ್ಲ. ಅಷ್ಟು ಮೆತ್ತಗೆ, ಅಷ್ಟು ಗಟ್ಟಿಯಾಗಿ ಹಿಡಿಯಬಲ್ಲ ಗಂಡಸಿನ ಕೈಯನ್ನು ಮೌನೇಶ್ವರಿ ಅಲ್ಲಿಯತನಕ ನೋಡಿರಲಿಲ್ಲ.

"ಏನು ನೋಡಾಕತ್ತೀ?" ಎಂದ.

"ಗಾಯ," ಎಂದಳು, ಗಾಯವನ್ನು ನೋಡದೆ.

ವಾಪಸು ಬರುವಾಗ ಚೆನ್ನಿ ಬುಟ್ಟಿಯಲ್ಲಿ ನಾಲಿಗೆ ಹೊರಚಾಚಿ ಮಲಗಿತ್ತು. ಕಾಲುವೆಯ ಎರಡೂ ಕಡೆ ಭತ್ತ ಹಸಿರಾಗಿತ್ತು. ಅವನು ಗಾಡಿಯನ್ನು ತಗ್ಗು ತಪ್ಪಿಸಿ ತಪ್ಪಿಸಿ ಓಡಿಸುತ್ತಿದ್ದ. ಇವನನ್ನು ಕಟ್ಟಿಕೊಂಡರೆ ಸುಖವಾಗಿರುತ್ತೇನೆ ಎಂದು ಅವಳಿಗೆ ಮೊದಲ ಸಲ ಖಾತ್ರಿಯಾಯಿತು. ಆಗಲೇ ಅವನು ಹೇಳಿದ:

"ನಾ ಬಂದಿದ್ದೆ ಅಂತ ಯಾರಿಗೂ ಹೇಳಬ್ಯಾಡ. ಅವ್ವ ಇಂಥವೆಲ್ಲ ಅಪಶಕುನ ಅಂತಾಳ. ಅದೂ ಮದುವಿ ಮುಂದ."

"ನೀವೇ ಹೇಳ್ರಿ ಹಂಗಾರ, ಇದು ಅಪಶಕುನ ಅಲ್ಲ ಅಂತ."

"ಹೇಳ್ತೀನಿ. ಸಾವಕಾಶ."

ಮೌನೇಶ್ವರಿಗೆ ಆ 'ಸಾವಕಾಶ' ಹಿಡಿಸಲಿಲ್ಲ.

ಮನೆಗೆ ಬಂದ ಚೆನ್ನಿ ಅಮಲು ಇಳಿಯದೆ ಗೋಡೆಗೆ ಗೋಡೆಗೆ ಬಡಿದುಕೊಳ್ಳುತ್ತಿತ್ತು. ಮೂಲೆಯಲ್ಲಿ ಹಳೇ ಕೌದಿ ಹಾಸಿ, ಲೈಟ್ ಆರಿಸಿ, ಮೌನೇಶ್ವರಿ ಪಕ್ಕದಲ್ಲೇ ಕೂತಳು. ಹೊಲಿಗೆ ನೆಕ್ಕಬಾರದೆಂದು ಡಾಕ್ಟರು ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಹಾಕಿ ಕಳಿಸಿದ್ದರು. ಅದನ್ನು ಕಂಡು ಅಜ್ಜಿ ಪಕೀರಮ್ಮನ ಕರುಳು ಚುರ್ ಎಂದಿತು.

"ಹೊಟ್ಟಿ ಕೊಯ್ಸಿಕೊಂಡು ಬಂದೈತಿ, ಅದಕ್ಕ ಮತ್ತ ಕೊಳ್ಳಾಗ ಬುಟ್ಟಿ ಬ್ಯಾರೆ ಕಟ್ಟೀರಿ," ಎಂದು ಗೊಣಗಿದಳು. ಕೌದಿಯ ಪಕ್ಕ ಲೋಬಾನದ ಹೊಗೆ ಹಿಡಿದಳು. ಕರಿಮೆಣಸಿನ ಸಾರು ತಂದಿಟ್ಟಳು.

"ಅಕಿ ಬಾಣಂತಿ ಅಲ್ಲಬೇ ಯವ್ವಾ," ಎಂದಳು ಮೌನೇಶ್ವರಿ.

"ಹೆಣ್ಣು ಹೌದಲ್ಲ," ಎಂದಳು ಅಜ್ಜಿ.

ಮರುದಿನ ಮೊಮ್ಮಗಳು ಸಂತೆಗೆ ಹೋದದ್ದೇ ತಡ, ಅಜ್ಜಿ ಕಾಲರ್ ಬಿಚ್ಚಿ ಅಟ್ಟಕ್ಕೆ ಎಸೆದಳು. ಮೌನೇಶ್ವರಿ ಬರುವಷ್ಟರಲ್ಲಿ ಚೆನ್ನಿ ನೆಕ್ಕಿ ನೆಕ್ಕಿ ಹೊಲಿಗೆಯ ಒಂದು ತುದಿ ಎಬ್ಬಿಸಿತ್ತು. ಕಾಲರ್ ಒಡೆದಿತ್ತು. ಫೋನಿನಲ್ಲಿ ಫೋಟೊ ನೋಡಿದ ಡಾಕ್ಟರು, ಗಾಯ ಬಾಯಿ ಬಿಟ್ಟಿಲ್ಲ, ಮೈಗೆ ಬಟ್ಟೆಯ ಅಂಗಿ ಹೊಲಿದು ಹಾಕಿ ಎಂದರು. ಟೇಲರಿಗೆ ಇದೇನು ದೊಡ್ಡ ಮಾತಲ್ಲ. ಆದರೆ ಅಂಗಡಿಯಲ್ಲಿದ್ದದ್ದೆಲ್ಲ ಗಿರಾಕಿಗಳ ಬಟ್ಟೆ. ತನ್ನದು ಅಂತ ಇದ್ದದ್ದು ಅತ್ತೆಯಾಗುವವಳು ರವಿಕೆಗೆಂದು ಕೊಟ್ಟ ಹಸಿರು ರೇಷ್ಮೆ ಜಂಪರ್ ಪೀಸಿನಲ್ಲಿ ಕತ್ತರಿಸಿ ಉಳಿದ ತುಂಡು. ಒಳಗೆ ಹತ್ತಿ ಬಟ್ಟೆಯ ಅಸ್ತರು ಕೊಟ್ಟು, ಕಾಲಿಗೆ ನಾಲ್ಕು ತೂತು ಬಿಟ್ಟು ಹೊಲಿದಳು. ಜರಿ ಅಂಚು ಬೆನ್ನ ಮೇಲೆ ಬಂತು.

ಬಸವಲಿಂಗ ಆಮೇಲೆ ದಿನಾ ಅಂಗಡಿಗೆ ಬರತೊಡಗಿದ. ಬಂದಾಗಲೆಲ್ಲ ಕೈಯಲ್ಲಿ ಗುಂಡಿ ಕಿತ್ತ ಒಂದು ಅಂಗಿ.

"ಇದನ್ನ ನೀವೇ ಕಿತ್ತೀರಿ," ಎಂದಳು ಮೌನೇಶ್ವರಿ, ದಾರ ನೋಡಿ.

"ಇಲ್ಲ, ತಾನಾಗಿ ಹೋತು."

"ಐದೂ?"

ಅವನು ಕಿವಿಯತನಕ ಕೆಂಪಾದ. ಚೆನ್ನಿಗೆ ಗುಳಿಗೆ ನುಂಗಿಸುವಾಗ ಅವನು ತಲೆ ಹಿಡಿಯಬೇಕು, ಅವಳು ಬಾಯಿ ತೆರೆಸಬೇಕು. ಬೆರಳಿಗೆ ಬೆರಳು ತಾಗುತ್ತಿತ್ತು. ಗುಳಿಗೆ ಒಳಗೆ ಹೋದ ಮೇಲೂ ಇಬ್ಬರೂ ಕೈ ತೆಗೆಯುವುದಕ್ಕೆ ಅವಸರ ಮಾಡುತ್ತಿರಲಿಲ್ಲ. ಬೆಕ್ಕೇ ಬೇಸತ್ತು ಎದ್ದುಹೋಗುತ್ತಿತ್ತು.

"ಅವ್ವಗ ಹೇಳಿದ್ರೇನು?" ಎಂದು ಅವಳು ಕೇಳುವಳು.

"ಇವತ್ತು ಹೇಳ್ತೀನಿ," ಎಂದು ಅವನು ಅನ್ನುವನು.

ಶುಕ್ರವಾರ ಅವನ ತಾಯಿ ಕಸ್ತೂರೆಮ್ಮ ತಾನೇ ಬಂದಳು. ಮದುವೆಗೆ ಮುಂಚೆ ಸೊಸೆಗೆ ಉಡಿ ತುಂಬುವ ಶಾಸ್ತ್ರ. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು. ಹಿಂದೆ ಮಗ. ಮೌನೇಶ್ವರಿ ಸೀರೆಯ ಸೆರಗು ಒಡ್ಡಿ ಮಣೆಯ ಮೇಲೆ ಕೂತಿದ್ದಾಗ ಚೆನ್ನಿ ಹಸಿರು ರೇಷ್ಮೆ ತೊಟ್ಟು ನಡುಮನೆಗೆ ಬಂದು ಮೈ ಮುರಿಯಿತು.

ಕಸ್ತೂರೆಮ್ಮನ ಕೈ ತಟ್ಟೆಯ ಮೇಲೇ ನಿಂತಿತು.

"ಇದು ನಾ ಕೊಟ್ಟ ಪೀಸ್ ಅಲ್ಲೇನು?"

"ಹೌದ್ರಿ. ಉಳಿದಿತ್ತು. ಆಪರೇಷನ್ ಆಗೈತಿ ಅದಕ್ಕ, ಹೊಲಿಗಿ ನೆಕ್ಕಬಾರದು."

"ಎಂಥ ಆಪರೇಷನ್?"

ಮೌನೇಶ್ವರಿ ಹೇಳಿದಳು, ಒಂದನ್ನೂ ಮುಚ್ಚದೆ. ಕೇಳುತ್ತ ಕೇಳುತ್ತ ಕಸ್ತೂರೆಮ್ಮನ ಮುಖ ಬಿಗಿಯಿತು.

"ನಾ ನಿನ್ನ ಉಡಿ ತುಂಬಾಕ ಬಂದೀನಿ. ನೀ ಮನ್ಯಾಗಿನ ಜೀವದ ಉಡಿ ಬರಿದು ಮಾಡಿಸೀದಿ. ಇಂಥ ಕೆಲಸ ಮಾಡಿದಾಕಿ ನನ್ನ ಮನೀಗೆ ಹೆಂಗ ಬರಬೇಕು?" ಅವಳು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. "ತಪ್ಪಾತು ಅನ್ನು. ಬೆಕ್ಕನ್ನ ಯಾರಿಗರ ಕೊಟ್ಟುಬಿಡು. ನಾ ಮರತುಬಿಡ್ತೀನಿ."

ಮೌನೇಶ್ವರಿಯ ಅಪ್ಪ ಅಮರಗುಂಡಪ್ಪ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡ. "ಒಂದು ಮಾತು ಅಂದುಬಿಡವ್ವ. ಅಂದ್ರ ಏನು ಹೋಗ್ತೈತಿ?"

ಮೌನೇಶ್ವರಿ ಬಸವಲಿಂಗನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಅಳು ಬಂತು, ಸಿಟ್ಟು ಅದನ್ನು ಹಿಂದಕ್ಕೆ ನೂಕಿತು.

"ತಪ್ಪಾತು ಅನ್ನಂಗಿಲ್ರಿ," ಎಂದಳು. "ಹೆತ್ತು ಹೆತ್ತು ಸಾಯಾಕತ್ತಿತ್ತು, ಉಳಿಸೀನಿ. ಇವತ್ತು ಬೆಕ್ಕಿಂದು ತಪ್ಪು ಅಂದ್ರ, ನಾಳೆ ನನ್ನ ಹೊಟ್ಟಿ ವಿಚಾರಕ್ಕೂ ನಿಮ್ಮನ್ನ ಕೇಳಬೇಕಾಗತೈತಿ."

"ಕೇಳಬೇಕಲ್ಲ ಮತ್ತ? ವರ್ಷ ತುಂಬೋದ್ರಾಗ ನಮ್ಮ ಮನ್ಯಾಗ ತೊಟ್ಟಲ ಕಟ್ಟಬೇಕು."

"ಕಟ್ಟೋಣ್ರಿ. ನಾವಿಬ್ಬರೂ ಯಾವಾಗ ಅಂತೀವಿ, ಆವಾಗ."

ಕಸ್ತೂರೆಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ಬಸವಲಿಂಗ ಅವಳ ಹಿಂದೆ ಹೋದ. ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡಿದ. ಮೌನೇಶ್ವರಿ ಖಾಲಿ ಸೆರಗು ಕೊಡವಿ ಎದ್ದು, ಅಂಗಡಿಗೆ ಹೋಗಿ ಮಷೀನ್ ತುಳಿಯತೊಡಗಿದಳು. ಅಲ್ಲಿ ಅತ್ತಳು. ಮಷೀನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಅವನು ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಬೇಕೆಂದು ಜೀವ ಹಾತೊರೆಯಿತು, ಆದರೂ ಎತ್ತಲಿಲ್ಲ. ಫೋನಿನಲ್ಲಿ ಪಿಸುಗುಟ್ಟುವವನು ಅವಳಿಗೆ ಬೇಕಿರಲಿಲ್ಲ.

ಹೊಲಿಗೆ ಬಿಚ್ಚಿಸುವ ದಿನ ಅವಳೊಬ್ಬಳೇ ಬುಟ್ಟಿ ಹಿಡಿದು ಸಿಂಧನೂರು ಬಸ್ ಹತ್ತಿದಳು. ಬಳಗಾನೂರು ಕ್ರಾಸಿನಲ್ಲಿ ಬಸ್ ನಿಂತಾಗ ಜನರೊಂದಿಗೆ ಬಸವಲಿಂಗನೂ ಹತ್ತಿದ. ಡಾಕ್ಟರು ಹೇಳಿದ ದಿನ ಅವನಿಗೂ ನೆನಪಿತ್ತು, ಅವಳು ಇದೇ ದಾರಿಯಲ್ಲಿ ಬರುತ್ತಾಳೆಂದು ಗೊತ್ತಿತ್ತು. ಬೆಳಗಿನಿಂದ ಬಂದ ಬಸ್ಸನ್ನೆಲ್ಲ ಹತ್ತಿ ಹುಡುಕಿ ಇಳಿದಿದ್ದ.

"ಅವ್ವಗ ಎಲ್ಲಾ ಹೇಳೀನಿ," ಎಂದ ಮೆಲ್ಲಗೆ, ಅವಳ ಸೀಟಿನ ಪಕ್ಕ ನಿಂತು.

"ಅಲ್ಲಿ ನಾಕು ಮಂದಿ ಮುಂದ ನಾ ಒಬ್ಬಾಕಿ ಬೈಸಿಕೊಂಡೀನಿ," ಎಂದಳು ಅವಳು ಕಿಟಕಿ ನೋಡುತ್ತ. "ಇಲ್ಲಿ ಕಿವ್ಯಾಗ ಹೇಳಿದ್ರ ನನಗ ಕೇಳಂಗಿಲ್ಲ."

ಬಸವಲಿಂಗ ಸುತ್ತ ನೋಡಿದ. ಅರ್ಧ ಬಸ್ಸು ಅವನ ಗಿರಾಕಿಗಳೇ. ಮೇಲಿನ ಸರಳು ಹಿಡಿದುಕೊಂಡ. ದನಿ ಏರಿಸಿದ.

"ಎಲ್ಲಾರೂ ಕೇಳ್ರಿ ಜರಾ. ಈ ಬುಟ್ಟ್ಯಾಗಿನ ಬೆಕ್ಕಿಗೆ ಮರಿ ಆಗದಂಗ ಆಪರೇಷನ್ ಮಾಡಿಸಿದ್ದು ಇಕಿ ಒಬ್ಬಾಕಿ ಅಲ್ಲ. ಗಾಡಿ ನಂದು, ಹಿಡಕೊಂಡವ ನಾನು. ಇಕಿನ್ನ ಬೈಯುವಾಗ ನಾ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ತಪ್ಪು ಅಂದ್ರ ಅದು. ಅವ್ವ ಮದುವಿಗೆ ಬರಂಗಿಲ್ಲ ಅಂದಾಳ. ಅಕಿ ಬಂದರೂ, ಬರದಿದ್ದರೂ, ನಾ ಇಕಿನ್ನ ಮದುವಿ ಆಗ್ತೀನಿ. ಇಕಿ ಹೂಂ ಅಂದ್ರ."

ಬಸ್ಸಿನಲ್ಲಿ ಗುಸುಗುಸು ಎದ್ದಿತು. ಮುಂದಿನ ಸೀಟಿನ ಹಾಜಿರಾಬೀ, ಅವನ ಅಂಗಡಿಯ ಹಳೇ ಗಿರಾಕಿ, ತಿರುಗಿ ಮೌನೇಶ್ವರಿಯನ್ನು ಮೇಲಿಂದ ಕೆಳತನಕ ನೋಡಿದಳು. "ಹೂಂ ಅಂತೀಯೇನವ್ವ? ಇವ ಬಿದ್ದಾನು, ಕೂರಿಸ್ಕೋ ಮೊದಲ."

ಮೌನೇಶ್ವರಿ ಸರಿದು ಜಾಗ ಮಾಡಿದಳು. ಅವನು ಕೂತ. ಭುಜಕ್ಕೆ ಭುಜ ತಾಗಿತು. ಅವಳು ಎಲ್ಲರೆದುರೇ ಅವನ ಕೈ ಹಿಡಿದುಕೊಂಡಳು.

"ನಿಮ್ಮನ್ನ ಬಿಟ್ಟು ನನಗ ಇರಾಕ ಆಗ್ತಿರಲಿಲ್ಲ," ಎಂದಳು. "ಆದ್ರೂ ಬಿಡ್ತಿದ್ದೆ."

"ಗೊತ್ತು," ಎಂದ ಬಸವಲಿಂಗ. "ಅದಕ್ಕ ಬಂದೆ."