ಹನ್ನೊಂದು ಕೆಂಪು ಬಾವುಟಗಳು

"ಮಷೀನಲ್ಲಿ ಏನೂ ತೊಂದ್ರೆ ಇಲ್ಲ ಮೇಡಂ. ಸೂಜೀನ ಹಿಂದುಮುಂದಾಗಿ ಹಾಕಿದೀರ, ಅಷ್ಟೆ."

ಅಂಗಡಿಗೆ ರಿಪೇರಿಗೆಂದು ಬಂದ ಮೆಕ್ಯಾನಿಕ್‌ನ ಮಾತಿಗೆ ಹೊಲಿಗೆಯವಳ ಕಿವಿ ನಿಮಿರಿತು. ಈ ಧಾಟಿ... ಈ ತಾಳ್ಮೆ...

ಹೊಲಿಗೆಯವರ ಆನ್‌ಲೈನ್ ವೇದಿಕೆಯಲ್ಲಿ 'ಎಣ್ಣೆಡಬ್ಬಿ' ಎಂಬ ಹೆಸರಿನಲ್ಲಿ ಉತ್ತರ ಬರೆಯುತ್ತಿದ್ದವರು ನೀವೇನಾ ಎಂದು ಅವಳು ತಡವರಿಸುತ್ತ ಕೇಳಿದಳು.

"ಆಗಿದ್ದೆ. ಈಗ ಓಡಿಸಿಬಿಟ್ಟಿದಾರೆ."

ಮೆಕ್ಯಾನಿಕ್ ತಲೆಯೆತ್ತದೆ ತಿರುಪು ಬಿಗಿಸುತ್ತಲೇ ಹೇಳಿದ. ಯಾರೋ ಅವನ ಉತ್ತರಗಳ ಕೆಳಗಿದ್ದ ಕೆಂಪು ಬಾವುಟವನ್ನು ಹನ್ನೊಂದು ಸಲ ಒತ್ತಿದ್ದರಂತೆ. ಅದು ದೂರಿನ ಗುರುತು. ಅವನನ್ನು ಮೋಸಗಾರನೆಂದು ಬಗೆದು ಹೊರಗೆ ಹಾಕಿದ್ದರು. ಕೆಲಸಕ್ಕೆ ಕರೆಯುತ್ತಿದ್ದವರೂ ದೂರವಾಗಿದ್ದರು.

"ಯಾರಿಗೆ ಏನು ಕೇಡು ಮಾಡಿದ್ದೆ ಅಂತ ಯೋಚಿಸಿ ಯೋಚಿಸಿ ಸಾಕಾಗಿದೆ."

ಹನ್ನೊಂದು! ಅವಳು ಒತ್ತಿದ್ದೂ ಅಷ್ಟೇ ಸಲ.

ಅಮ್ಮನ ಕಾಲದಿಂದಲೂ ಅವರ ಅಂಗಡಿಯಲ್ಲೊಂದು ರೂಢಿಯಿತ್ತು. ಒಂದು ಹೊಲಿಗೆಯೂ ತಪ್ಪದ ಉಡುಪಿನ ಕೊರಳಪಟ್ಟಿಗೆ ಕೆಂಪು ಬಟ್ಟೆಯ ಪುಟ್ಟ ಬಾವುಟ ಚುಚ್ಚುವುದು. ಅದೇ ಮೆಚ್ಚುಗೆಯಿಂದ ಅವಳು ಅವನ ಉತ್ತರಗಳಿಗೆ ಬಾವುಟ ಒತ್ತಿದ್ದಳು. ಆ ಚಿತ್ರದ ಅರ್ಥವೇನೆಂದು ಯಾರನ್ನೂ ಕೇಳಿರಲಿಲ್ಲ. ಆಮೇಲೆ ಆ ಪುಟಗಳ ಮೇಲೆ ಬೀಗದ ಚಿತ್ರ ಬಿದ್ದಾಗ, ಅವನೇ ತನಗೆ ಬಾಗಿಲು ಮುಚ್ಚಿದನೆಂದು ಹದಿನೈದು ದಿನ ಮುನಿಸಿಕೊಂಡಿದ್ದಳು!

ಹೇಳಬೇಕು... ಈಗಲೇ ಹೇಳಬೇಕು...

ರಿಪೇರಿಯ ದುಡ್ಡನ್ನಷ್ಟೇ ಎಣಿಸಿಕೊಟ್ಟಳು. ಅವನು ಹೊರಟುಹೋದ.

ತಂಗಿ ಬಾವುಟ ಒತ್ತುತ್ತಿದ್ದುದನ್ನು ಬಲ್ಲ ಅಕ್ಕ, ಬಟ್ಟೆ ಕತ್ತರಿಸುವ ಮೇಜಿನಿಂದ ಎಲ್ಲವನ್ನೂ ನೋಡುತ್ತಿದ್ದಳು. "ಕತ್ತರಿ ನುಂಗಿದೋರ ಹಾಗೆ ಕೂತ್ರೆ ಅವನ ಮರ್ಯಾದೆ ವಾಪಸ್ ಬರುತ್ತೇನೇ?"

ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು. ತಿಳಿದ ಮೇಲಿನ ಮೌನಕ್ಕೆ ಇಲ್ಲ. ಹತ್ತು ಜನರೆದುರು ಹೋದ ಮಾನವನ್ನು ಕಿವಿಯಲ್ಲಿ ಪಿಸುಗುಟ್ಟಿ ಹಿಂತಿರುಗಿಸಲಾಗದು. ಅವಳು ಅಂದೇ ವೇದಿಕೆಯಲ್ಲಿ ತನ್ನ ನಿಜವಾದ ಹೆಸರು ಹಾಕಿ, ಬಾವುಟ ಚುಚ್ಚಿದ ಉಡುಪಿನ ಫೋಟೋ ಸಮೇತ, ನಡೆದದ್ದನ್ನೆಲ್ಲ ಬರೆದಳು. ಗುರುತುಪರಿಚಯವಿಲ್ಲದವರು ನಕ್ಕರು. ಒಂದು ನಗೆಯನ್ನೂ ಬಿಡದೆ ಓದಿದಳು; ಕೆನ್ನೆ ಸುಟ್ಟಿತು. ಬಾವುಟಗಳನ್ನು ಎಣಿಸಿ, ಒಂದು ಸಾಲನ್ನೂ ಓದದೆ ತೀರ್ಪಿತ್ತ ಮೇಲ್ವಿಚಾರಕರು ಮಾತ್ರ ಒಂದೇ ಸಾಲಿನಲ್ಲಿ ವಿಷಾದಿಸಿ ಬೀಗ ತೆಗೆದರು. ನಾಚಬೇಕಾದವರು ನಾಚುವುದೇ ಇಲ್ಲ!

ಮರುದಿನ ಮಧ್ಯಾಹ್ನ ಅವನು ಬಾಗಿಲಲ್ಲಿ ನಿಂತಿದ್ದ. ಅವಳು ತಲೆಯೆತ್ತಲಿಲ್ಲ.

"ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ."

"ನನ್ನ ಹನ್ನೊಂದು ಉತ್ತರ ಅಷ್ಟು ಚೆನ್ನಾಗಿದ್ವಾ?"

"ಹತ್ತು ಚೆನ್ನಾಗಿದ್ವು."

"ಇನ್ನೊಂದು?"

"ಅದು ಉತ್ತರ ಆಗಿರ್ಲಿಲ್ಲ..." ಅವಳು ಬಾವುಟಗಳಿದ್ದ ಸೂಜಿದಿಂಬನ್ನು ಅತ್ತ ಸರಿಸಿದಳು. "ಮಷೀನ್ ಆಮೇಲೆ ನೋಡೋಣ, ಮೊದ್ಲು ಊಟ ಮಾಡಿ ಅಂತ ಬರೆದಿದ್ರಿ."

ಅವನು ಸೂಜಿದಿಂಬಿನಿಂದ ಕೆಂಪು ಬಾವುಟವೊಂದನ್ನು ಕಿತ್ತು ಅವಳ ಅಂಗೈಯಲ್ಲಿಟ್ಟು, ತನ್ನ ಕೊರಳಪಟ್ಟಿಯನ್ನು ಅವಳತ್ತ ಒಡ್ಡಿದ.

"ನನ್ನ ಬಾವುಟದಿಂದ ಆಗಿದ್ದು ಸಾಲದಾ ನಿಮಗೆ?"

"ಇದರ ಅರ್ಥ ಈಗ ನನಗೆ ಗೊತ್ತಲ್ಲ."

ಅವಳು ಬಾವುಟ ಚುಚ್ಚಿದಳು. ಆಮೇಲೆ, ಮೊದಲ ಬಾರಿಗೆ, ಮುಖವೆತ್ತಿ ಅವನನ್ನು ನೋಡಿದಳು.

"ಊಟ ಆಯ್ತಾ?"

"ಇನ್ನೂ ಇಲ್ಲ. ನೀವು ಕೇಳ್ಲಿ ಅಂತಾನೇ ಬಂದೆ."