ತೋಳನ ಕೊಳ್ಳದ ಬಟ್ಟೆ ಕಳವು

1981ರ ನವೆಂಬರ್ 8, ಭಾನುವಾರ. ಸಂಜೆ ಐದರ ಸುಮಾರಿಗೆ ಬೀಳಗಿ ಪೊಲೀಸ್ ಠಾಣೆಯ ಮುಂದೆ ಕಬ್ಬಿನ ಗಾಡಿಯೊಂದು ನಿಂತಿತು. ಕಬ್ಬಿನ ಸಂದಿಯಿಂದ ಇಬ್ಬರು ಗಂಡಸರು ಇಳಿದರು. ಕಾಲಲ್ಲಿ ಚಪ್ಪಲಿ, ಸೊಂಟಕ್ಕೆ ಸುತ್ತಿಕೊಂಡ ಕಬ್ಬಿನ ಸೋಗೆ. ಅದನ್ನು ಬಿಟ್ಟರೆ ಮೈಮೇಲೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಪಹರೆಯಲ್ಲಿದ್ದ ಪೇದೆ ಸಾತಪ್ಪ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತ.

ನಾಮದೇವ ಜಮಖಂಡಿಯ ಒಂದು ಬ್ಯಾಂಕಿನ ಗುಮಾಸ್ತ. ಅವನ ಗೆಳೆಯ ತುಕಾರಾಮ ಸಾಲಿ ಮಾಸ್ತರ. ಇಬ್ಬರಿಗೂ ಒಂದೇ ಹುಚ್ಚು. ರಜೆ ಬಂತೆಂದರೆ ಯಾವುದಾದರೂ ಹಳ್ಳದ ಗುಂಟ ಮೇಲಕ್ಕೆ ನಡೆಯುವುದು, ಯಾರೂ ಕಾಣದ ಮಡು ಹುಡುಕಿ ಈಜುವುದು. ಮನೆಯಲ್ಲಿ ಹೆಂಡಂದಿರು ಬೈದರೂ ಬಿಟ್ಟಿರಲಿಲ್ಲ.

"ಎಲ್ಲಿ ಹೋಗಿದ್ರಿ?" ಸಬ್ ಇನ್ಸ್‌ಪೆಕ್ಟರ್ ಶಂಕರೆಪ್ಪ ಕೇಳಿದರು.

"ತೋಳನ ಕೊಳ್ಳದಾಗ ಒಂದು ಮಡ ಐತ್ರಿ ಸಾಹೇಬ್ರ," ಎಂದ ನಾಮದೇವ. "ಮೂರು ಆಯಿತವಾರದಿಂದ ಹೊಂಟೇವಿ. ಅಂಥಾ ನೀರ ಈ ಸೀಮ್ಯಾಗ ಎಲ್ಲೂ ಇಲ್ರಿ."

"ನೀರಿನ ಸುದ್ದಿ ಇರ್ಲಿ. ಅರಿಬಿ ಎಲ್ಲಿಟ್ಟಿದ್ರಿ?"

"ದಂಡಿ ಮ್ಯಾಲ, ಕಲ್ಲಿನ ಮ್ಯಾಗ. ಮುಳುಗಿ ಏಳೂದ್ರಾಗ ಮಾಯ."

"ಚಪ್ಪಲಿ?"

"ಅವನ್ನಷ್ಟ ಬಿಟ್ಟಾನ್ರಿ."

ಭಾರತ ದಂಡ ಸಂಹಿತೆ 379ರ ಪ್ರಕಾರ ಎಫ್‌ಐಆರ್ ದಾಖಲಾಯಿತು. ಸಾತಪ್ಪ ತನ್ನ ಎರಡು ಲುಂಗಿ ತಂದುಕೊಟ್ಟ.

ಮರುದಿನ ಬೆಳಿಗ್ಗೆ ಶಂಕರೆಪ್ಪ, ಸಾತಪ್ಪ ಮತ್ತು ಇಬ್ಬರು ಪಂಚರು ಸ್ಥಳ ಪಂಚನಾಮೆಗೆ ಹೊರಟರು. ಹಾದಿ ಎಂಬುದೇ ಇಲ್ಲ, ಹಳ್ಳವೇ ಹಾದಿ. ಮೊದಲು ಜಾಲಿ ಕಂಟಿ, ಆಮೇಲೆ ಉರುಟುಗಲ್ಲು, ಆಮೇಲೆ ಎರಡೂ ಕಡೆ ಕೆಂಪು ಬಂಡೆಯ ಗೋಡೆ. ಒಂದು ಕಡೆ ಕೊಳ್ಳ ಎಷ್ಟು ಇಕ್ಕಟ್ಟಾಯಿತೆಂದರೆ ಎದೆಮಟ್ಟದ ನೀರಿನಲ್ಲಿ ಒಬ್ಬೊಬ್ಬರಾಗಿ ದಾಟಬೇಕಾಯಿತು. ಈಜು ಬಾರದ ಶಂಕರೆಪ್ಪ ಟೋಪಿ ತಲೆಯ ಮೇಲಿಟ್ಟು, ಸಾತಪ್ಪನ ಭುಜ ಹಿಡಿದು, ಮನಸ್ಸಿನಲ್ಲೇ ಕುಲದೇವರನ್ನೆಲ್ಲ ಕರೆದರು. ದಾಟಿದೊಡನೆ ಕೊಳ್ಳ ಅಗಲವಾಯಿತು. ಮೇಲಿನಿಂದ ಸಣ್ಣ ಧಾರೆ ಬೀಳುತ್ತಿತ್ತು. ಕೆಳಗೆ ಹಸಿರು ಮಡು, ತಳದ ಕಲ್ಲು ಕಾಣುವಷ್ಟು ತಿಳಿ. ಫಿರ್ಯಾದಿಯ ಹುಚ್ಚು ಏನೆಂದು ಶಂಕರೆಪ್ಪನವರಿಗೆ ಆಗ ತಿಳಿಯಿತು.

"ಹೊಸಾ ಚಪ್ಪಲಿ ಬಿಟ್ಟು ಹಳೇ ಅಂಗಿ ಒಯ್ಯೂ ಕಳ್ಳ ಎಂಥಾಂವ್ರೀ?" ಸಾತಪ್ಪ ಕೇಳಿದ.

ಶಂಕರೆಪ್ಪ ಬೂಟಿನ ಅಟ್ಟೆಯಿಂದ ಜಾಲಿಮುಳ್ಳು ಕೀಳುತ್ತಿದ್ದರು. "ಈ ಮುಳ್ಳು ದಿನಾ ತುಳ್ಯಾಂವ. ವೈರಿನ್ನ ಸುದ್ದಾ ಬರಿಗಾಲಿಲೆ ಈ ಹಾದಿಗೆ ಹಚ್ಚೂದು ಪಾಪ ಅಂತ ತಿಳದಾಂವ. ಕುರಿ ಕಾಯೋ ಮಂದಿ ಪೈಕಿ."

ಬಂಡೆಯ ಸಂದಿಯಲ್ಲಿ ಆರು ಒಣಗಿದ ಸೋರೆಬುರುಡೆ ಸಿಕ್ಕವು. ಈಜು ಕಲಿಯುವವರು ನಡುವಿಗೆ ಕಟ್ಟಿಕೊಳ್ಳುವಂಥವು. ಕಟ್ಟಿದ್ದು ಕರಿ ಉಣ್ಣೆಯ ಹುರಿ. ಕುಣಿಕೆಗಳು ಚಿಕ್ಕವು, ಮಕ್ಕಳ ನಡುವಿನ ಅಳತೆಯವು. ಪಕ್ಕದಲ್ಲಿ ಒಡೆದ ಬಳೆಯ ಚೂರು. ಎಲ್ಲವನ್ನೂ ಪಂಚನಾಮೆಯಲ್ಲಿ ಬರೆಸಿ, ಒಂದು ಹುರಿಯನ್ನು ಜಪ್ತಿ ಮಾಡಲಾಯಿತು.

ಸಂಜೆ ಗುಡ್ಡದ ಬುಡದ ಕುರಿಹಟ್ಟಿಯಲ್ಲಿ ವಿಚಾರಣೆ ನಡೆಯಿತು. ಹಿರಿಯ ಲಗಮಣ್ಣ ಕಂಬಳಿ ಹಾಸಿ ಕೂರಿಸಿದ.

"ಈ ಹುರಿ ಯಾರ್ದು?"

"ಉಣ್ಣಿ ನಮ್ದರಿ. ಇಷ್ಟು ಸಣ್ಣಗೆ ಹೊಸ್ಯಾಕಿ ಹಣಮವ್ವ ಒಬ್ಬಾಕಿನ. ಬೀರಪ್ಪ ದೇವರ ಅರಿಶಿಣ ಭಂಡಾರ ಹಚ್ಚೊಂಡ ಹಣಿ, ಸುಳ್ಳ ಹೇಳಾಂಗಿಲ್ರಿ."

"ಆಯಿತವಾರ ಆಕಿ ಎಲ್ಲಿ ಹೊಕ್ಕಾಳ?"

"ಹುಡುಗ್ಯಾರನ್ನ ಕರಕೊಂಡು ಕಟಗಿ ತರಾಕ."

"ತರ್ತಾರೇನು?"

ಲಗಮಣ್ಣ ಎಲೆಯಡಿಕೆ ಆಚೆ ಉಗುಳಿ ಬಂದ. "ಕಟಗಿ ಎರಡು ಕಡ್ಡಿ ತರ್ತಾರ. ಹಸೀ ಕೂದ್ಲಾ ಮಾತ್ರ ಎಲ್ಲಾರೂ ತರ್ತಾರ. ನಾ ಕೇಳಿಲ್ರಿ. ಕೇಳಿದ್ರ ಬ್ಯಾಡ ಅನ್ನಬೇಕಾಕ್ಕೈತಿ."

ಶಂಕರೆಪ್ಪನವರಿಗೆ ಲೆಕ್ಕ ಹತ್ತಿತು. ಕಳ್ಳತನ ಭಾನುವಾರವೇ ಆಗಿದೆ. ಹುಡುಗಿಯರಿಗೆ ಸಾಲಿಯೂ ಕೂಲಿಯೂ ಇಲ್ಲದ ದಿನ ಅದೊಂದೇ. ಇನ್ನು ಗಂಡಸರು ಬರುವುದಿಲ್ಲವೆಂಬ ಧೈರ್ಯದಲ್ಲಿ ಅವರು ಬಂದೇ ಬರುತ್ತಾರೆ, ಬಟ್ಟೆಯೂ ಅಲ್ಲೇ ಸಿಗುತ್ತದೆ.

ನವೆಂಬರ್ 15, ಭಾನುವಾರ. ಬಟ್ಟೆ ಗುರುತಿಸಲು ನಾಮದೇವನನ್ನೂ ಪಂಚರನ್ನೂ ಕರೆದುಕೊಂಡು ಶಂಕರೆಪ್ಪ ಕೊಳ್ಳ ಹತ್ತಿದರು. ಇಕ್ಕಟ್ಟು ದಾಟುವ ಮುಂಚೆಯೇ ಸಾತಪ್ಪನಿಂದ ಕೂಗಿಸಿದರು: "ಪೊಲೀಸರು ಬರಾಕತ್ತಾರ, ಸೆರಗು ಸಂಬಾಳಿಸಿಕೊಳ್ರೆವ್ವಾ!"

ಒಳಗೆ ಓಡಾಟ ಕೇಳಿಸಿತು. ಇವರು ಹೋದಾಗ ಐದಾರು ಹುಡುಗಿಯರು ಕಂಬಳಿ ಹೊದ್ದು ದಂಡೆಯಲ್ಲಿ ಒತ್ತಾಗಿ ಕುಳಿತಿದ್ದರು, ಜತೆಗೊಬ್ಬಳು ಹೆಂಗಸು. ಹಣಮವ್ವ ಮಾತ್ರ ಓಡಲಿಲ್ಲ. ನಡುಮಟ್ಟದ ನೀರಿನಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಹನ್ನೆರಡರ ಕೆಂಪವ್ವ, ನಡುವಿಗೆ ಬುರುಡೆ ಇಲ್ಲದೆ.

"ಅರಿಬಿ ನೀ ಒಯ್ದಿಯೇನು?"

"ಹೌದ್ರಿ. ಆ ಕಲ್ಲಿನ ಹಿಂದ ಅದಾವ. ಭಾಳ ಮಾಸಿದ್ದೂರಿ, ತೊಳದೇನಿ."

ನಾಮದೇವ ತನ್ನ ಅಂಗಿ ಗುರುತಿಸಿದ. ಅದು ಅಷ್ಟು ಬೆಳ್ಳಗಿದ್ದದ್ದನ್ನು ಅವನು ಕಂಡೇ ಇರಲಿಲ್ಲ.

"ಬಾಯಿಲೆ ಹೇಳಬೇಕಿಲ್ಲೋ?" ಶಂಕರೆಪ್ಪ ಕೇಳಿದರು.

"ಹೇಳಿದ್ರ ಊರಿಗೆಲ್ಲ ಗೊತ್ತಾಕ್ಕಿತ್ರಿ. ಹುಡುಗ್ಯಾರು ಈಸ್ತಾರಂದ್ರ ನಮ್ಮ ಗಂಡಸ್ರು ಬಿಡ್ತಾರೇನ್ರೀ?"

"ಯಾಕ ಕಲಸ್ತಿ?"

ಹಣಮವ್ವ ನೀರು ನೋಡಿದಳು. "ಹ್ವಾದ ವರ್ಷ ಹೊಳ್ಯಾಗ ಹರಗೋಲ ಮಗಚಿತ್ರಿ. ಗಂಡಸ್ರು ಈಸಿ ದಂಡಿಗೆ ಬಂದ್ರು. ನಮ್ಮ ಹಟ್ಟಿ ಹುಡುಗ್ಯಾರಿಬ್ಬರು ನನ್ನ ಎರಡೂ ಕೈಯಾಗಿದ್ರು. ಒಂದು ಕೈ ಜಾರಿತು. ಉಳದಾಕಿ ಇಕಿ, ಕೆಂಪಿ. ಅಂದಿನಿಂದ ಇಕಿ ಕೊಡಾ ಹೊತ್ತು ಬಾವಿಗೂ ಹೋಗಿರ್ಲಿಲ್ಲ. ಎರಡು ತಿಂಗಳಿಂದ ನೀರಿಗೆ ಇಳೀಲಿಕ್ಕೆ ಹತ್ಯಾಳ. ಅಷ್ಟ್ರಾಗ ಇವರು ಬಂದ್ರು."

ಶಂಕರೆಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆದರೆ ಫಿರ್ಯಾದು ಫಿರ್ಯಾದೇ, ಕಾಯ್ದೆ ಕಾಯ್ದೆಯೇ.

"ಠಾಣಾಕ್ಕ ಬರಬೇಕಾಕ್ಕೈತೆವ್ವಾ."

"ಬರ್ತೇನ್ರಿ. ಬುರಡಿ ಇಲ್ದ ಇಕಿ ಇವತ್ತ ಮೊದಲ ಸಲ. ಆ ದಂಡಿ ಮುಟ್ಟೂತನಕ ತಡೀರಿ. ಇವತ್ತ ನಿಲ್ಲಿಸಿದ್ರ ಆಕಿ ಮತ್ತ ನೀರಿಗೆ ಇಳ್ಯಾಂಗಿಲ್ಲ."

ಶಂಕರೆಪ್ಪ ಬಂಡೆಯ ಮೇಲೆ ಕುಳಿತರು. ಅದೇ ಅಪ್ಪಣೆ ಎಂದು ಎಲ್ಲರೂ ತಿಳಿದರು.

ಕೆಂಪವ್ವ ಹೊರಟಳು. ಕೈಗಿಂತ ಕಾಲಿನದೇ ಸದ್ದು ಹೆಚ್ಚು. ನಡುಮಡುವಿಗೆ ಬರುತ್ತಲೇ ಅವಳ ತಲೆ ಒಮ್ಮೆ ಒಳಗೆ ಹೋಯಿತು. ನಾಮದೇವ ಚಪ್ಪಲಿ ಬಿಟ್ಟು ಹಾರಲು ಬಾಗಿದ.

"ಬ್ಯಾಡ್ರೀ!" ಹಣಮವ್ವ ಕೂಗಿದಳು. "ನೀವು ಹಿಡದ್ರ ಆಕಿ ಕಲೀಲಿಲ್ಲ." ಅವಳ ಎರಡೂ ಕೈ ಮಾತ್ರ ಹುಡುಗಿಯ ಕಡೆ ಚಾಚಿದ್ದವು.

ತಲೆ ಮೇಲೆ ಬಂತು. ಕೆಮ್ಮಿತು. ಮತ್ತೆ ಕಾಲು ಬಡಿಯಿತು. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಕೈ ಆಚೆಯ ಬಂಡೆಯನ್ನು ಹಿಡಿಯಿತು. ದಂಡೆಯ ಹುಡುಗಿಯರು ಪೊಲೀಸರನ್ನೂ ಮರೆತು ಕೇಕೆ ಹಾಕಿದರು. ಸಾತಪ್ಪನೂ ಹಾಕಿದ, ಸಾಹೇಬರು ನೋಡಿಯೂ ನೋಡದಂತಿದ್ದರು.

"ಕೋರ್ಟಿನ್ಯಾಗ ನಾ ರಾಜಿ ಆಗ್ತೇನ್ರಿ," ಎಂದ ನಾಮದೇವ ಕಣ್ಣೊರೆಸಿಕೊಳ್ಳುತ್ತ. "ನಮಗ ಬ್ಯಾರೆ ಮಡ ಸಿಗತಾವು."

"ಮ್ಯಾಲಿನ ಕೊಳ್ಳದಾಗ ಇನ್ನೊಂದೈತ್ರಿ," ಎಂದಳು ಹಣಮವ್ವ. "ಇದಕ್ಕಿಂತ ಛಲೋದು. ಹಾದಿ ಹೇಳಿಕೊಡ್ತೇನಿ. ಮೊದಲು ಜೇಲಿನಿಂದ ಬರ್ತೇನಿ, ತಡೀರಿ."

ಮಧ್ಯಾಹ್ನ ಹನ್ನೆರಡಕ್ಕೆ ಬಂಧನ. ಕೇಸ್ ಡೈರಿಯಲ್ಲಿ ಶಂಕರೆಪ್ಪ ಕಾರಣದ ಕಡೆ ಒಂದೇ ವಾಕ್ಯ ಬರೆದರು: ಆರೋಪಿತಳು ಬಟ್ಟೆ ಒಯ್ದದ್ದು ಹುಡುಗಿಯರಿಗೆ ಭಾನುವಾರವನ್ನು ಉಳಿಸಿಕೊಡಲು.

ಕೊಳ್ಳ ಇಳಿಯುವಾಗ ಹಣಮವ್ವ ಹಿಂದಿರುಗಿ ನೋಡಲಿಲ್ಲ, ನಿಂತು ಕಿವಿಗೊಟ್ಟಳು. ಹಿಂದೆ, ಬಂಡೆಗಳ ಆಚೆ, ಯಾರೋ ಜೋರಾಗಿ ಕಾಲು ಬಡಿಯುತ್ತ ಈಚೆ ದಂಡೆಗೆ ಮರಳುತ್ತಿದ್ದರು.

"ಕೆಂಪಿ," ಎಂದಳು ಹಣಮವ್ವ. "ಇನ್ನ ನಡೀರಿ ಸಾಹೇಬ್ರ."