ದಹಿಸರ್‌ನ ಅರವತ್ತನಾಲ್ಕು ಜಿಬಿ

ಆ ಭಾನುವಾರ ಬೆಳಿಗ್ಗೆ ಶರಣನ ಬಾಯಲ್ಲಿ ಸ್ನೇಹಲ್ ಎಂಬ ಹೆಸರು ಮೂರನೇ ಸಲ ಬಂದಾಗ, ಅವನ ಕಾಫಿಗೆ ನಾನು ಸಕ್ಕರೆಯನ್ನೇ ಹಾಕಲಿಲ್ಲ. ಕುಡಿದ. ಗೊತ್ತಾಗಲೇ ಇಲ್ಲ. ಅದಕ್ಕೂ ನನಗೆ ಉರಿಯಿತು.

ಮುಂಬೈಯ ಗೋರೆಗಾಂವ್ ಸ್ಟೇಷನ್ ಹತ್ತಿರ ಅಪ್ಪನ ಹೋಟೆಲು. ರಜೆಯ ದಿನ ಕೌಂಟರಿನಲ್ಲಿ ಕೂರುವುದು ನಾನು. ವಿಜಯಪುರದ ಈ ಹುಡುಗ ಐದು ವಾರದಿಂದ ಕಿಟಕಿ ಪಕ್ಕದ ಟೇಬಲ್ ಹಿಡಿದು, ಯಾವುದೋ ದೊಡ್ಡ ಬ್ರೌಸರನ್ನು ಸೋರ್ಸ್ ಕೋಡಿನಿಂದಲೇ ತನ್ನ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡುತ್ತಿದ್ದಾನೆ; ಸಾವಿರಾರು ಕೋಡ್ ಫೈಲುಗಳನ್ನು ಅರೆದು ಒಂದು ಪ್ರೋಗ್ರಾಂ ಮಾಡುವ ಕೆಲಸವಂತೆ. ಪ್ರತಿ ಸಲ ಅರ್ಧಕ್ಕೇ ಮೆಮೊರಿ ತುಂಬಿ ಎಲ್ಲ ನಿಂತುಹೋಗುತ್ತದೆ. ಪ್ರತಿ ಸಲವೂ ಅವನು ಬ್ಯಾಗ್ ಹೆಗಲಿಗೇರಿಸಿ ದಹಿಸರ್‌ಗೆ ಹೊರಡುತ್ತಾನೆ.

"ಮತ್ತ ನಿಂತ್ ಬಿಡ್ತು, ಯಕ್ಷಿತಾ," ಎಂದ. "ನಂದು ಎಂಟ ಜಿಬಿ. ಸ್ನೇಹಲ್ ಮನ್ಯಾಗ ಅರವತ್ನಾಲ್ಕ ಐತಿ."

ಸ್ನೇಹಲ್ ಅವನ ಆಫೀಸಿನವಳು, ಮನೆ ದಹಿಸರ್‌ನಲ್ಲಿ. ಫೋಟೋ ನೋಡಿದ್ದೇನೆ. ನಕ್ಕರೆ ಕೆನ್ನೆಯಲ್ಲಿ ಗುಳಿ. ಮೆಮೊರಿಯೂ ಅವಳದ್ದೇ ಜಾಸ್ತಿ.

ಹೋಗಲಿ ಬಿಡು ಎಂದುಕೊಳ್ಳಲು ನನ್ನಿಂದ ಆಗಲಿಲ್ಲ. ಎದ್ದು ಹೋಗಿ ಅವನೆದುರೇ ಕೂತೆ. ಐದು ವಾರ ಅವನ ಗೋಳು ಕೇಳಿ ಕೇಳಿ ನನಗೂ ಅಷ್ಟಿಷ್ಟು ತಿಳಿದಿತ್ತು.

"ಅದಕ್ಕೆ ಒಟ್ಟಿಗೆ ಎಷ್ಟು ಫೈಲ್ ಕೊಡ್ತಿ?"

"ಹದಿನಾರು."

"ಎಂಟು ಜಿಬಿಗೆ? ನಮ್ಮ ಅಡುಗೆಯ ಕೊರಗಣ್ಣನ ಕಾವಲಿ ಮೇಲೆ ಹದಿನಾರು ದೋಸೆ ಒಟ್ಟಿಗೆ ಹೊಯ್ದರೆ ಒಂದಾದ್ರೂ ಏಳ್ತದಾ ಮಾರಾಯ? ಎರಡೆರಡೇ ಕೊಡು."

"ಎರಡ ಕೊಟ್ರ ಸಂಜೀತನಕ ಹಿಡೀತೈತಿ."

"ಹಿಡೀಲಿ. ಇಲ್ಲೇ ಕೂತ್ಕೊ. ನೀನು ಅವಳ ಮನೆಗೆ ಹೋಗುದು ನಂಗೆ ಆಗುದಿಲ್ಲ."

ಹೇಳಿಬಿಟ್ಟ ಮೇಲೆ ಕಿವಿ ಬಿಸಿಯಾಯಿತು. ಇವನಿಗೆ ಅವಳೇ ಬೇಕಾಗಿದ್ದರೆ ನನ್ನ ಮಾನ ಇಲ್ಲೇ ಹೋಯಿತು. ಅವನು ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟ. ನನ್ನನ್ನು ನೋಡಿದ, ಟೇಬಲ್ ನೋಡಿದ, ಮತ್ತೆ ನನ್ನನ್ನೇ ನೋಡಿದ.

"ಎರಡ ಕೊಡು ಅಂತ ಸ್ನೇಹಲ್ ಮೊದಲನೇ ವಾರಾನ ಹೇಳಿದ್ಲು."

ಅದನ್ನೂ ಅವಳೇ ಮೊದಲು ಹೇಳಿದ್ದಾಳೆ. ಹೊಟ್ಟೆಯೊಳಗೆ ಇನ್ನೊಂದು ಒಲೆ ಹತ್ತಿಕೊಂಡಿತು.

"ಮತ್ತೆ ಯಾಕೆ ಕೊಡ್ಲಿಲ್ಲ?"

"ಕೊಟ್ಟಿದ್ರ ಮುಗದ ಬಿಡ್ತಿತ್ತು. ಆಮ್ಯಾಲ ಏನ್ ನೆವಾ ಹೇಳಿ ನಿನ್ನ ಮುಂದ ಬಂದು ಕುಂದರ್ಲಿ?"

"ದಹಿಸರ್‌ಗೆ ಹೋಗ್ತಿದ್ದದ್ದು?"

"ಆಕಿ ಮನಿ ನಾ ನೋಡೇ ಇಲ್ಲ. ಇಲ್ಲೇ ಸ್ಟೇಷನ್ ತನಕಾ ಹೋಗಿ ರೂಮಿಗೆ ಹೊಳ್ಳಿ ಹೋಗ್ತಿದ್ದೆ. ಆಕಿ ಹೆಸರ ತಗದ್ರ ನಿನ್ನ ಮುಖ ಬದಲಾಗ್ತಿತ್ತು. ಮುಂದಿನ ವಾರ ಬರಾಕ ನಂಗ ಅಷ್ಟ ಧೈರ್ಯ ಸಾಕಾಗ್ತಿತ್ತು."

ಐದು ವಾರ ನಾನು ಆ ಗುಳಿಕೆನ್ನೆಯವಳಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ್ದೆ. ಪಾಪ, ಅವಳು ಸರಿಯಾದದ್ದನ್ನೇ ಹೇಳಿದ್ದಳು. ಸಿಟ್ಟು ಬಂತು, ಅದರ ಬೆನ್ನಿಗೇ ನಗುವೂ ಬಂತು. ನಗುವನ್ನು ಅವನಿಗೆ ತೋರಿಸಲಿಲ್ಲ.

ಅವನು ಕೀಬೋರ್ಡಿನ ಮೇಲೆ ಬೆರಳಿಟ್ಟು, "ಎರಡ ಹಾಕ್ಲಿ?" ಎಂದು ಕೇಳಿದ.

"ಅವಳು ಹೇಳಿದ್ದು ಬೇಡ. ಒಂದು ಹಾಕು."

"ಒಂದ ಹಾಕಿದ್ರ ನಾಳೆಗೂ ಮುಗಿಯೂದಿಲ್ಲ."

"ಬೇಗ ಮುಗಿಸು ಅಂತ ನಾನು ಹೇಳಿದೆನಾ?"